ತಟ್ಟೆಯಲ್ಲಿ ಮಿಡಿದ ಸ್ನಾಯು

ಕಾಣದಂತಿದ್ದು ಕಾಯುವ, ಮೆಲ್ಲನೆ ಕರೆದರೂ ಓಗೊಡುವ ಕರುಣಾಳು ಶಿವನಿಗೆ ಮೊದಲ ಶರಣು.

ಮಠದ ಶಿಷ್ಯ ಈರಯ್ಯ ಒಂದು ದಿನ ಗುರುಗಳನ್ನು ಕೇಳಿದನು: "ಬುದ್ಧೀ, ಭಜನೆಗೆ ಕುಳಿತರೆ ನನ್ನ ಮೈ ನಡುಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಯಾರು ಕರೆದರೂ ಕೇಳಿಸುವುದಿಲ್ಲ. ನಿನ್ನೆ ಸಂಜೆಯೂ ಹಾಗೆಯೇ ಆಯಿತು. ನನಗೆ ಶಿವನ ನಂಟು ಕೂಡಿಬಂತಲ್ಲವೇ?"

ಗುರುಗಳು ನಕ್ಕು, ಅವನನ್ನು ಹತ್ತಿರ ಕೂರಿಸಿಕೊಂಡು ಕತೆ ಹೇಳಿದರು.

ಒಬ್ಬ ಸಂಶೋಧಕಿ ಇದ್ದಳು. ಅವಳ ತಮ್ಮನಿಗೆ ನರದ ಕರೆ ಸ್ನಾಯುವಿಗೆ ಸರಿಯಾಗಿ ಮುಟ್ಟದ ಕಾಯಿಲೆ. ಕೈಗಳು ದಿನೇ ದಿನೇ ಸೋಲುತ್ತಿದ್ದವು. ಅಕ್ಕನೇ ಅವನಿಗೆ ತುತ್ತು ಮಾಡಿ ಉಣ್ಣಿಸುತ್ತಿದ್ದಳು. ಯಾವ ಮದ್ದು ಹಿಡಿದೀತೆಂದು ತಮ್ಮನ ಮೈಮೇಲೆಯೇ ಪರೀಕ್ಷೆ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ. ಅವನ ಚರ್ಮದ ಚೂರಿನಿಂದ ಜೀವಕೋಶಗಳನ್ನು ಬೆಳೆಸಿದಳು. ಕೆಲವನ್ನು ನರವಾಗಿ, ಕೆಲವನ್ನು ಸ್ನಾಯುವಾಗಿ ಪಳಗಿಸಿದಳು. ಪುಟ್ಟ ತಟ್ಟೆಯೊಂದರಲ್ಲಿ ಈ ಬದಿಗೆ ನರ, ಆ ಬದಿಗೆ ಸ್ನಾಯು, ನಡುವೆ ಕೂದಲೆಳೆಯಂಥ ಕಾಲುವೆಗಳು. ನರವು ಎಳೆ ಚಾಚಿ ಸ್ನಾಯುವಿಗೆ ಬೆಸೆದುಕೊಂಡರೆ, ಆ ಬೆಸುಗೆಯ ಮೇಲೆ ಮದ್ದನ್ನು ಪರೀಕ್ಷಿಸಬಹುದು.

ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ನಾಯು ಮಿಡಿಯುತ್ತಿತ್ತು. ಅವಳು ಹಿಗ್ಗಿದಳು. ಅಂದೇ ಮದ್ದು ಹಾಕುವುದೆಂದು ನಿಶ್ಚಯಿಸಿಬಿಟ್ಟಳು. ಊಟದ ಹೊತ್ತಿಗೆ ಮನೆಗೆ ಬಂದು, ತುತ್ತು ಕೊಡುತ್ತಾ ತಮ್ಮನಿಗೆ ಹೇಳಿದಳು.

"ಕೂಡಿತು ಕಣೋ! ತಾನಾಗಿಯೇ ಮಿಡಿಯುತ್ತಿದೆ."

"ಮಿಡಿಯುವುದಕ್ಕೇನಕ್ಕಾ? ಇಲ್ಲಿ ನೋಡು, ನನ್ನ ತೋಳೂ ಸುಮ್ಮಸುಮ್ಮನೆ ಅದುರುತ್ತದೆ. ಲೋಟ ಎತ್ತು ಅಂದರೆ ಮಾತ್ರ ಮಹಾರಾಜರಿಗೆ ಕೇಳಿಸುವುದಿಲ್ಲ!"

ಅಕ್ಕನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಅವಳು ಪ್ರಯೋಗಾಲಯಕ್ಕೆ ಮರಳಿ, ನರದ ಬದಿಗೆ ಎಳ್ಳಷ್ಟು ವಿದ್ಯುತ್ತು ಮುಟ್ಟಿಸಿ ಕರೆದು ನೋಡಿದಳು. ಸ್ನಾಯು ತನ್ನ ಪಾಡಿಗೆ ತಾನು ಮಿಡಿಯುತ್ತಿತ್ತು. ಕರೆ ಅದಕ್ಕೆ ಮುಟ್ಟಿರಲೇ ಇಲ್ಲ. ಅಂದು ಮದ್ದು ಹಾಕಿದ್ದರೆ, ಆ ಮಿಡಿತವನ್ನು ಕಂಡು ಅದೇ ತಮ್ಮನ ಪಾಲಿನ ಮದ್ದೆಂದು ನಂಬಿಬಿಡುತ್ತಿದ್ದಳು.

ತಟ್ಟೆಯನ್ನು ಮತ್ತೆ ಬೆಚ್ಚನೆಯ ಪೆಟ್ಟಿಗೆಯೊಳಗೆ ಇಟ್ಟಳು. ಹಳೆಯ ಪೋಷಕ ದ್ರವ ತೆಗೆದು ಹೊಸದನ್ನು ಎರೆಯುವುದು, ಬಾಗಿಲು ಮುಚ್ಚಿ ಕಾಯುವುದು, ಇಷ್ಟೇ ಅವಳ ಕೆಲಸವಾಯಿತು. ಬಹಳ ದಿನಗಳ ಮೇಲೆ ಮತ್ತೆ ನರವನ್ನು ಕರೆದು ನೋಡಿದಳು. ಬಲ ಸಾಲದಿದ್ದರೂ ಸ್ನಾಯು ಎಳೆದುಕೊಂಡಿತು. ಕರೆ ನಿಲ್ಲಿಸಿದಳು. ಸುಮ್ಮನಾಯಿತು. ಮತ್ತೆ ಕರೆದಳು. ಮತ್ತೆ ಓಗೊಟ್ಟಿತು.

ತಮ್ಮನನ್ನು ಕರೆತಂದು ತೋರಿಸಿದಳು.

"ನನ್ನದೇ ಸ್ನಾಯು, ನನ್ನ ಮಾತು ಬಿಟ್ಟು ನಿನ್ನ ಮಾತು ಕೇಳುತ್ತದಲ್ಲಕ್ಕಾ," ಎಂದನವನು. "ಇರಲಿ ಬಿಡು, ಚಿಕ್ಕಂದಿನಿಂದ ಮನೆಯಲ್ಲಿ ನಡೆದದ್ದೂ ನಿನ್ನ ಮಾತೇ."

ಅವಳು ಕಣ್ಣೊರೆಸಿಕೊಂಡು, ಮದ್ದಿನ ಮೊದಲ ಹನಿಯನ್ನು ತಟ್ಟೆಗೆ ಹಾಕಿದಳು.

ಕತೆ ಮುಗಿಸಿದ ಗುರುಗಳು ಈರಯ್ಯನ ತಲೆ ಸವರಿದರು.

"ನಿನ್ನೆ ಸಂಜೆ ನಿನ್ನನ್ನು ಕರೆದವಳು ದಾಸೋಹದ ಮನೆಯ ಅಜ್ಜಿ ಕಣಪ್ಪಾ, ಕುದಿಯುವ ಹಂಡೆ ಇಳಿಸಿಕೊಡು ಎಂದು."

ಈರಯ್ಯ ಎದ್ದು ದಾಸೋಹದ ಮನೆಯ ಕಡೆಗೆ ನಡೆದನು.

ಇದನ್ನು ಕೇಳಿದ ನಿಮ್ಮೆಲ್ಲರ ಕೈಗಳು ಕರೆದವರ ಬಳಿಗೆ ಬೇಗ ತಲುಪಲಿ. ಸೋತ ಕೈಗಳನ್ನು ಶಿವನೇ ಹಿಡಿದು ನಡೆಸಲಿ.