ಗದಿಗಯ್ಯ ಹೇಳಿದ ಎಮ್ಮೆಯ ನ್ಯಾಯ

ಹೊಳೆಯ ದಂಡೆಗೊಂದು ಮಠ. ಮಠಕ್ಕೊಬ್ಬರು ಸ್ವಾಮಿಗಳು, ಊರವರ ಬಾಯಲ್ಲಿ ಅಜ್ಜಾರು. ಅವರ ಬೆನ್ನಿಗೆ ಬಾಲದ ಹಾಗೆ ಗದಿಗಯ್ಯ, ಮಠದ ಅನ್ನ ಉಂಡು ಪಿಯುಸಿ ಓದುವ ಶಿಷ್ಯ.

ಓದಿದ್ದೆಲ್ಲ ಅವನ ತಲೆಯಲ್ಲಿತ್ತು. ಕಷ್ಟ ಇದ್ದದ್ದೇ ಅಲ್ಲಿ. ಒಂದು ಕೇಳಿದರೆ ಕಣಜದ ಬಾಯಿ ಬಿಚ್ಚಿದ ಹಾಗೆ ಎಲ್ಲಾ ಸುರಿದುಬಿಡುವನು.

ರಾಜ್ಯಶಾಸ್ತ್ರದ ಪರೀಕ್ಷೆಯಲ್ಲೂ ಹೀಗೇ ಆಯಿತು. ‘ಪ್ರಜಾಪ್ರಭುತ್ವಕ್ಕೆ ವಿರೋಧ ಪಕ್ಷ ಬೇಕೆ?’ ಅಂತ ಪ್ರಶ್ನೆ. ಗದಿಗಯ್ಯ ಮನುಷ್ಯ ಗುಹೆಯಲ್ಲಿದ್ದ ಕಾಲದಿಂದ ಹಿಡಿದ. ಮೇಲಿಂದ ಮೇಲೆ ಹಾಳೆ ಇಸಕೊಂಡ. ರಾಜರು ಕಿರೀಟ ಹಾಕಿಕೊಳ್ಳುವ ಹೊತ್ತಿಗೆ ಗಂಟೆ ಬಾರಿಸಿತು. ವಿರೋಧ ಪಕ್ಷ ಹುಟ್ಟಲೇ ಇಲ್ಲ.

ನಪಾಸು.

ಈಗ ಪೂರಕ ಪರೀಕ್ಷೆ. ಇದೂ ಹೋದರೆ ಮಠ ಬಿಡಿಸಿ ಸೋದರಮಾವನ ಹಿಟ್ಟಿನ ಗಿರಣಿಗೆ ಹಾಕುವುದಾಗಿ ಅಪ್ಪ ಹೇಳಿಬಿಟ್ಟಿದ್ದ. ನಾಳೆ ಪರೀಕ್ಷೆ ಅನ್ನುವಾಗ ಗದಿಗಯ್ಯ ಅಜ್ಜಾರ ಕಾಲು ಹಿಡಿದ.

“ಅಜ್ಜಾರ, ಉತ್ತರ ಹೆಂಗ ಬರೀಬೇಕ್ರಿ?”

“ಹೊರಗ ಗದ್ದಲ ಕೇಳ್ತದ. ನಡಿ, ನೋಡೋಣು,” ಅಂದರು ಅಜ್ಜಾರು.

ಹೊರಗೆ ನಿಂಬೆವ್ವ, ಗುರುಶಾಂತವ್ವ. ನಡುವೆ ಒಂದು ಎಮ್ಮೆ, ಅದರ ಮಗ್ಗುಲಲ್ಲಿ ಪಿಳಿಪಿಳಿ ಕಣ್ಣು ಬಿಡುವ ಹೆಣ್ಣು ಕರು. ಎಮ್ಮೆ ನಿಂಬೆವ್ವಂದು. ಅದು ಸಣ್ಣದಿದ್ದಾಗ ಪಾಲಿಗೆ ಕೊಟ್ಟಿದ್ದಳು, ಗುರುಶಾಂತವ್ವ ಮೇವು ಹಾಕಿ ಸಾಕಿದಳು. ಮೊದಲನೇ ಕರು ಸಾಕಿದವಳಿಗೆ ಅಂತ ಮಾತು. ಹೆಣ್ಣು ಕರು ಹುಟ್ಟಿದ್ದು ಕಂಡದ್ದೇ ನಿಂಬೆವ್ವನ ಮಾತು ಹೊರಳಿತ್ತು. ಇಂಥ ಜಗಳಕ್ಕೆ ಊರಿಗೆ ಮಠದ ಕಟ್ಟೆಯೇ ಕೋರ್ಟು.

ಅಜ್ಜಾರು ಕಟ್ಟೆಯ ಮೇಲೆ ಕೂತರು.

“ಇವತ್ತು ನ್ಯಾಯ ನಮ್ಮ ಗದಿಗಯ್ಯ ಹೇಳ್ತಾನ. ಕರು ಯಾರಿಗೆ, ಹೇಳಪಾ.”

ಗದಿಗಯ್ಯ ಗಂಟಲು ಸರಿಮಾಡಿಕೊಂಡ.

“ಎಮ್ಮೆ ಒಂದು ಸಾಕುಪ್ರಾಣಿ. ಇದಕ್ಕೆ ನಾಲ್ಕು ಕಾಲು, ಎರಡು ಕೊಂಬು...”

“ಅದು ನಮಗೂ ಕಾಣಸ್ತದೋ ಯಪ್ಪಾ!” ಅಂದಳು ನಿಂಬೆವ್ವ.

“ಆದಿಮಾನವನು ಕಾಡಿನಲ್ಲಿ ಅಲೆಯುತ್ತಿದ್ದಾಗ...”

“ಅವನೂ ಪಾಲು ಕೇಳ್ತಾನೇನು?” ಅಂದಳು ಗುರುಶಾಂತವ್ವ.

ಗದಿಗಯ್ಯ ನಿಲ್ಲಲಿಲ್ಲ. ಹೊಲ ಬಂತು, ಊರು ಬಂತು, ಆಸ್ತಿಯ ಹಕ್ಕು ಬಂತು. ಎಮ್ಮೆ ಸಗಣಿ ಹಾಕಿತು. ನಿಂಬೆವ್ವ ಆಕಳಿಸಿದಳು. ಜಗಳ ಮರೆತು ಇಬ್ಬರೂ ಒಂದೇ ಸಂಚಿಯಿಂದ ಎಲೆಯಡಿಕೆ ಹಾಕಿಕೊಂಡರು. ಅಜ್ಜಾರು ಕಣ್ಣು ಮುಚ್ಚಿದ್ದರು. ಧ್ಯಾನವೋ ನಿದ್ದೆಯೋ, ಶಿವನಿಗೇ ಗೊತ್ತು.

ಕಡೆಗೆ ನಿಂಬೆವ್ವ ಸೆರಗು ಸಿಗಿಸಿ ಎದ್ದು ನಿಂತಳು.

“ಹಾಲು ಹಿಂಡೋ ಹೊತ್ತಾತು. ಕರು ಯಾರಿಗೆ ಅಂತ ಹೇಳ್ತೀಯೋ, ಇಲ್ಲಾ ನಿನಗ ಹಗ್ಗ ಹಾಕಿ ಹೊಡಕೊಂಡು ಹೋಗ್ಲೋ?”

ಗದಿಗಯ್ಯನ ಬಾಯಿಂದ ಹಾರಿಯೇಬಿಟ್ಟಿತು: “ಕರು ಗುರುಶಾಂತವ್ವಂದು!”

“ಯಾಕ?”

“ಮೊದಲನೇ ಕರು ಸಾಕಿದಾಕಿಗೆ ಅಂತ ನೀನ ಮಾತು ಕೊಟ್ಟಿದ್ದಿ ಬೇ ಯವ್ವಾ. ಹೆಣ್ಣಾದ್ರ ಕೊಡಂಗಿಲ್ಲ ಅಂತ ಅವತ್ತು ಹೇಳಿದ್ದೇನು?”

“ಎಮ್ಮಿ ನಂದಲ್ಲೇನು ಮತ್ತ?”

“ನಿಂದ ಬೇ. ಇಲ್ಲಂದವರು ಯಾರು? ಎಮ್ಮಿ ನಿನ್ನ ಮನಿಗೆ ಹೊಡಕೊಂಡು ಹೋಗು. ಆದರ ಎಮ್ಮಿ ನಿಂದು ಅಂದಕೂಡ್ಲೆ ಮಾತು ಸುಳ್ಳಾಗೂದಿಲ್ಲ. ಹಾಲು ಬಿಡೂ ತನಕ ಕರು ತಾಯಿ ಹತ್ತಿರ ಇರಲಿ, ಆಮ್ಯಾಲೆ ಗುರುಶಾಂತವ್ವನ ಕೊಟ್ಟಿಗಿಗೆ. ಅಷ್ಟ!”

ನಿಂಬೆವ್ವ ಕರುವನ್ನು ನೋಡಿದಳು, ಗುರುಶಾಂತವ್ವನನ್ನು ನೋಡಿದಳು. ಹಗ್ಗ ಬಿಚ್ಚಿದಳು.

“ಇಷ್ಟು ಹೇಳಾಕ ಇಷ್ಟೊತ್ತು ಬೇಕಿತ್ತೇನೋ?” ಅಂತ ಗೊಣಗಿ ಎಮ್ಮೆ ಹೊಡೆದುಕೊಂಡು ನಡೆದಳು. ಕರುವಿನ ಬೆನ್ನು ಸವರುತ್ತ ಗುರುಶಾಂತವ್ವನೂ ಜೊತೆಗೆ ಹೋದಳು.

ಗದಿಗಯ್ಯ ಬೆವರು ಒರೆಸಿಕೊಂಡು ಅಜ್ಜಾರ ಕಾಲ ಬಳಿ ಕುಸಿದ.

“ಅಜ್ಜಾರ, ಇವರ ಗದ್ದಲದಾಗ ನಾ ಕೇಳಿದ್ದು ಹಂಗ ಉಳೀತು ನೋಡ್ರಿ. ನಾಳೆ ಉತ್ತರ ಹೆಂಗ ಬರೀಲಿ?”

ಅಜ್ಜಾರು ಕಣ್ಣು ತೆರೆದರು.

“ಪ್ರಶ್ನೆ ಓದಿದ ಮ್ಯಾಲೆ, ನಿಂಬೆವ್ವ ಎದ್ದು ನಿಂತಾಳ ಅಂತ ತಿಳಕೊಂಡು ಪೆನ್ನು ಹಿಡಿ.”