ಉಗುರಿನಷ್ಟು ಹಾವಸೆ

ಹೊಳೆಯ ದಂಡೆಯ ಮೇಲೆ ಒಬ್ಬ ಗುರುಗಳಿದ್ದರು. ಹೆಸರು ನಿಶಿಕಾಂತ ಬರುವಾ. ಯುದ್ಧದ ಕಾಲದಲ್ಲಿ ಬರ್ಮಾದಿಂದ ಉಟ್ಟ ಬಟ್ಟೆಯಲ್ಲೇ ಕಾಡು ದಾಟಿ ಬಂದವರು.

ಊರಿನವರು ಅವರನ್ನು ಹಾವಸೆ ಗುರುಗಳು ಎನ್ನುತ್ತಿದ್ದರು. ಕಾಲು ಜಾರೀತೆಂದು ಎಲ್ಲರೂ ದೂರವಿಡುವ ಹಾವಸೆಯನ್ನು ಭೂತಗನ್ನಡಿ ಹಿಡಿದು ದಿನಗಟ್ಟಲೆ ನೋಡುತ್ತ ಕೂರುವವರನ್ನು ಇನ್ನೇನೆಂದು ಕರೆಯಬೇಕು?

ಶಿಷ್ಯನಾಗಿ ಸೇರಿದ ದಿನವೇ ಧರಣೇಂದ್ರ ಕೇಳಿದ್ದ, ಹೂವಿಲ್ಲ, ಕಾಯಿಲ್ಲ, ಸರಿಯಾದ ಬೇರೂ ಇಲ್ಲ, ಇದರಲ್ಲಿ ಕಲಿಯುವುದೇನಿದೆ ಎಂದು.

"ಬೇರಿಲ್ಲದೆ ಹೇಗೆ ಬದುಕುತ್ತೆ ಅಂತ ನೋಡ್ತಾ ಇದ್ದೀನಿ," ಎಂದಿದ್ದರು ಗುರುಗಳು.

ಅವರಲ್ಲಿ ಕಟ್ಟಳೆ ಒಂದೇ. ಯಾವ ಹಾವಸೆ ಸಿಕ್ಕರೂ ಹೆಬ್ಬೆರಳಿನ ಉಗುರಿನಷ್ಟು ಮಾತ್ರ ತೆಗೆಯಬೇಕು. ಹಳೆಯ ಪತ್ರಿಕೆಯ ಪೊಟ್ಟಣದಲ್ಲಿ ಮಡಿಸಿಟ್ಟು, ಮೇಲೆ ಜಾಗ, ದಿನ, ತೆಗೆದವನ ಹೆಸರು ಬರೆಯಬೇಕು. ತೆಗೆದದ್ದು ಬಂಡೆಗೂ ಗೊತ್ತಾಗಬಾರದು.

ಮೂರನೆಯ ವರ್ಷ ಧರಣೇಂದ್ರನಿಗೆ ಮೇಲ್ದಂಡೆಯ ಬಂಡೆಯೊಂದರ ಮೇಲೆ ಹೊಂಬಣ್ಣದ ಹಾವಸೆ ಕಂಡಿತು. ಇಂಥದ್ದು ಗುರುಗಳ ಯಾವ ಪೊಟ್ಟಣದಲ್ಲೂ ಇರಲಿಲ್ಲ. ಮೊದಲು ಕಂಡವನು ತಾನೆಂದು ಅವನು ಹಿಗ್ಗಿದ. ಹಿಗ್ಗಿನ ಹಿಂದೆಯೇ ತಲೆಗೆ ಹುಳ ಹೊಕ್ಕಿತು. ನಾಳೆ ಇನ್ನೊಬ್ಬನಿಗೂ ಇದು ಸಿಕ್ಕರೆ?

ಚಾಕು ತೆಗೆದು ಬಂಡೆಯನ್ನೆಲ್ಲ ಕೆರೆದುಬಿಟ್ಟ. ದೊಡ್ಡ ಪೊಟ್ಟಣವನ್ನು ತನ್ನ ಟ್ರಂಕಿನಲ್ಲಿ ಬಚ್ಚಿಟ್ಟು, ಉಗುರಿನಷ್ಟನ್ನು ಗುರುಗಳ ಮುಂದಿಟ್ಟ.

ಗುರುಗಳು ಬಹಳ ಹೊತ್ತು ನೋಡಿದರು. ಬರ್ಮಾದ ತಮ್ಮ ಮನೆಯ ಬಾವಿಕಟ್ಟೆಯ ಮೇಲೆ ಇದೇ ಬೆಳೆಯುತ್ತಿತ್ತು, ಊರು ಬಿಟ್ಟ ಮೇಲೆ ಮತ್ತೆ ಕಣ್ಣಿಗೆ ಬಿದ್ದಿರಲಿಲ್ಲ ಎಂದರು.

"ಅಲ್ಲಿ ಇನ್ನೂ ಇದೆಯೇನಪ್ಪ?"

"ಬಂಡೆ ತುಂಬ ಇದೆ, ಗುರುಗಳೇ."

"ಹಾಗಾದ್ರೆ ನಾಳೆ ಬೆಳಿಗ್ಗೆ ಹೋಗೋಣ. ಕಣ್ಣು ಪೂರ್ತಿ ಮಂಜಾಗೋ ಮೊದಲು ಅದನ್ನ ಜೀವಂತ ನೋಡಬೇಕು."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಆ ರಾತ್ರಿ ಧರಣೇಂದ್ರ ದೊಡ್ಡ ಪೊಟ್ಟಣವನ್ನು ಟ್ರಂಕಿನಿಂದ ತೆಗೆದು ಹೆಗಲಚೀಲಕ್ಕೆ ಹಾಕಿಕೊಂಡ.

ಬೆಳಿಗ್ಗೆ ಗುರುಗಳು ಒಗೆದ ಪಂಚೆ ಉಟ್ಟು, ನೆಂಟರ ಮನೆಗೆ ಹೊರಟವರಂತೆ ಬಾಗಿಲಲ್ಲಿ ನಿಂತಿದ್ದರು. ಶಿಷ್ಯನ ಹೆಗಲ ಮೇಲೆ ಕೈಯಿಟ್ಟು ನಡೆದರು. ಅರ್ಧ ಗಂಟೆಯ ದಾರಿಗೆ ಒಂದೂವರೆ ಗಂಟೆ ಹಿಡಿಯಿತು. ದಾರಿ ಜಾರುತ್ತದೆ, ಇನ್ನೊಂದು ದಿನ ಬರೋಣ ಎಂದು ಅವನು ಎರಡು ಸಲ ಹೇಳಿ ನೋಡಿದ. ಹಾವಸೆಯ ಮನೆಗೆ ಹೋಗುವಾಗ ಜಾರದೆ ಇರುತ್ತದೆಯೇ ಎಂದು ಗುರುಗಳು ನಕ್ಕರು. ಆ ನಗು ಕೇಳಿ ಅವನಿಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ದೊಡ್ಡ ಪೊಟ್ಟಣ ಅವನ ಹೆಗಲಚೀಲದಲ್ಲೇ ಇತ್ತು.

ಬಂಡೆ ಬಂತು. ಗುರುಗಳು ಬಗ್ಗಿ, ಕಣ್ಣಿಗೆ ಸರಿಯಾಗಿ ಕಾಣದೆ, ಅಂಗೈಯಿಂದ ಸವರಿದರು. ಬೆರಳಿಗೆ ಚಾಕುವಿನ ಗೀರುಗಳು ಸಿಕ್ಕಿದವು. ಒಂದೊಂದನ್ನೂ ಕೊನೆಯವರೆಗೆ ಮುಟ್ಟಿದರು.

"ಎಷ್ಟು ಬಿಟ್ಟೆ?"

"ಏನೂ ಬಿಡಲಿಲ್ಲ," ಎಂದ ಧರಣೇಂದ್ರ. ಮುಖ ಎತ್ತಲಾಗಲಿಲ್ಲ. "ಬೇರೆ ಯಾರಿಗೂ ಸಿಗಬಾರದು ಅಂತ."

ಅವರು ಬೈದಿದ್ದರೆ, ಒಂದೇಟು ಹೊಡೆದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಗುರುಗಳು ಬಂಡೆಗೆ ಒರಗಿ ಕೂತರು.

"ಯುದ್ಧದಲ್ಲಿ ನಮ್ಮ ಬೀದಿಗೆ ಬಂದವರೂ ಒಂದು ಮನೆ ಬಿಟ್ಟಿರಲಿಲ್ಲ."

ಧರಣೇಂದ್ರ ಪೊಟ್ಟಣ ತೆಗೆದು ಅವರ ಕಾಲ ಬಳಿ ಇಟ್ಟ. ಹೊದಿಕೆಯ ಮೇಲೆ ಜಾಗ ಬರೆದಿರಲಿಲ್ಲ, ದಿನ ಬರೆದಿರಲಿಲ್ಲ. ಅವನ ಹೆಸರು ಮಾತ್ರ ದಪ್ಪ ಅಕ್ಷರದಲ್ಲಿತ್ತು. ಗುರುಗಳು ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಮೆಲ್ಲಗೆ ಬಿಚ್ಚಿದರು. ಒಣಗಿದ ಹಾವಸೆಯಿಂದ ಒಂದು ಚಿಟಿಕೆ ತೆಗೆದು, ಹೊಳೆಯ ನೀರಲ್ಲಿ ನೆನೆಸಿ, ಒಂದು ಗೀರಿನೊಳಗೆ ಒತ್ತಿದರು. ಆಮೇಲೆ ಇನ್ನೊಂದು ಚಿಟಿಕೆ. ಉಳಿದದ್ದನ್ನು ಶಿಷ್ಯನ ಕೈಗೆ ಕೊಟ್ಟರು.

ಇಬ್ಬರೂ ಗೀರುಗಳನ್ನು ತುಂಬಿದರು. ಬಿಸಿಲು ಏರಿತು. ಧರಣೇಂದ್ರನ ಕಣ್ಣಿಂದ ನೀರಿಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಮತ್ತೆ ಹತ್ತುತ್ತದೆಯೇ, ಗುರುಗಳೇ?"

"ಈ ಊರಲ್ಲಿ ಹತ್ತಿಕೊಳ್ಳೋಕೆ ನನಗೆ ಹದಿನೆಂಟು ವರ್ಷ ಬೇಕಾಯ್ತು," ಎಂದರು ಗುರುಗಳು. "ಹೋಗು, ನೀರು ತಗೊಂಡು ಬಾ."