ಪುಟ್ಟೀರಮ್ಮನ ಪಾತ್ರೆಯ ನೀಲಿ ಅಂಗಿ

ಆಕಾಶ ಇನ್ನೂ ಏಣಿಗೆ ಎಟುಕುತ್ತಿದ್ದ ಕಾಲ. ಪುಟ್ಟೀರಮ್ಮ ಅಂತ ಒಬ್ಬಳು ಅಜ್ಜಿ. ಅವಳಿಗೊಂದು ಬೀಡುಕಬ್ಬಿಣದ ಪಾತ್ರೆ. ಆನೆಮರಿ ಒಳಗೆ ಕೂತರೆ ಕಿವಿ ಮಾತ್ರ ಕಾಣಬೇಕು, ಅಷ್ಟು ದೊಡ್ಡದು. ಅದರ ಮೈಗೆಲ್ಲ ಗಾಜು ಕರಗಿಸಿ ಹಚ್ಚಿದ ನೀಲಿ ಲೇಪ, ಅದೇ ಅದರ ಅಂಗಿ.

ಸಾರು ಕುದಿಯಿತು ಅಂದರೆ ಅಜ್ಜಿ ಕಬ್ಬಿಣದ ಸೌಟನ್ನು ಪಾತ್ರೆಯ ಅಂಚಿಗೆ ಬಡಿಯುವಳು. ಟಣ್ ಟಣ್. ಮೊಮ್ಮಗಳು ದೇವೀರಿ ಮೂರು ಗುಡ್ಡದ ಆಚೆಯಿಂದ ಊಟಕ್ಕೆ ಓಡಿ ಬರುವಳು.

ಒಂದು ದಿನ ಟಣ್ ಅನ್ನಲಿಲ್ಲ. ಚಟ್ ಅಂತು. ಅಂಗಿ ಚಕ್ಕೆ ಎದ್ದು ಹೋಯಿತು. ಹುಳಿಸಾರು ಬರೀ ಕಬ್ಬಿಣಕ್ಕೆ ತಾಗಿ ಕಪ್ಪಾಯಿತು. ದೇವೀರಿ ಮೂಸಿ ನೋಡಿದಳು. ತಟ್ಟೆ ತಳ್ಳಿದಳು. ಹಸಿದೇ ಕೂತಳು.

ಅಜ್ಜಿ ಸೌಟನ್ನು ಸೊಂಟಕ್ಕೆ ಸಿಕ್ಕಿಸಿದಳು. ಪಾತ್ರೆಯನ್ನು ತಲೆ ಮೇಲೆ ಹೊತ್ತಳು. ಲೇಪ ಹಾಕುವ ರಾಚಪ್ಪನ ಹತ್ತಿರ ಹೋದಳು.

"ರಾಚಪ್ಪ, ಅಂಗಿ ತಾನಾಗೇ ಹರೀತು. ಅಂಗಿ ಕೊಡಪ್ಪ. ಅಂಗಿ ಪಾತ್ರೆಗೆ, ಸಾರು ದೇವೀರಿಗೆ."

ಗಾಜಿನ ಹಿಟ್ಟಿಲ್ಲ, ಬೀಸೋಕಲ್ಲನ್ನ ಕೇಳು ಅಂದ ರಾಚಪ್ಪ.

ಅಜ್ಜಿ ಬೀಸೋಕಲ್ಲಿನ ಹತ್ತಿರ ಹೋದಳು.

"ಕಲ್ಲೇ ಕಲ್ಲೇ, ಹಿಟ್ಟು ಕೊಡು. ಹಿಟ್ಟು ರಾಚಪ್ಪಂಗೆ, ಅಂಗಿ ಪಾತ್ರೆಗೆ, ಸಾರು ದೇವೀರಿಗೆ."

ಗಾಜಿಲ್ಲ, ಕುಲುಮೆಯನ್ನ ಕೇಳು ಅಂತು ಕಲ್ಲು.

ಅಜ್ಜಿ ಕುಲುಮೆಯ ಹತ್ತಿರ ಹೋದಳು. ಅದರ ಬಿಸಿ ಎಂಥದ್ದು ಅಂದರೆ, ಮೇಲೆ ಹಾರಿದ ಕಾಗೆಯ ನೆರಳೂ ಸೀದು ಹೋಗುತ್ತಿತ್ತು.

"ಕುಲುಮೆ ಕುಲುಮೆ, ಗಾಜು ಕೊಡು. ಗಾಜು ಕಲ್ಲಿಗೆ, ಹಿಟ್ಟು ರಾಚಪ್ಪಂಗೆ, ಅಂಗಿ ಪಾತ್ರೆಗೆ, ಸಾರು ದೇವೀರಿಗೆ."

ಮರಳಿಲ್ಲ, ಹಳ್ಳವನ್ನ ಕೇಳು ಅಂತು ಕುಲುಮೆ.

ಅಜ್ಜಿ ಹಳ್ಳದ ಹತ್ತಿರ ಹೋದಳು.

"ಹಳ್ಳವ್ವ ಹಳ್ಳವ್ವ, ಮರಳು ಕೊಡು. ಮರಳು ಕುಲುಮೆಗೆ, ಗಾಜು ಕಲ್ಲಿಗೆ, ಹಿಟ್ಟು ರಾಚಪ್ಪಂಗೆ, ಅಂಗಿ ಪಾತ್ರೆಗೆ, ಸಾರು ದೇವೀರಿಗೆ."

ಹಳ್ಳ ಅಜ್ಜಿಯ ಸೊಂಟದ ಸೌಟು ನೋಡಿತು. ಆಮೇಲೆ ಕೇಳಿತು, "ಅಂಗಿ ಹೆಂಗೆ ಹರೀತು, ಪುಟ್ಟೀರಮ್ಮ?"

"ತಾನಾಗೇ ಹರೀತು."

ಹಳ್ಳ ಒಂದು ಹಿಡಿ ಮರಳೂ ಬಿಡಲಿಲ್ಲ. ಅಜ್ಜಿ ನೀರಿಗೆ ಕಾಲು ಇಳಿಬಿಟ್ಟು ಕೂತಳು. ಪಾತ್ರೆಯನ್ನು ಇಳಿಸಿ ಅಂಚು ಸವರಿದಳು.

"ನಾನೇ ಹೊಡೆದೆ ಕಣವ್ವ. ದಿನಾ ಹೊಡೀತಿದ್ದೆ. ಟಣ್ ಅನ್ನೋದು ಕೇಳಿಸ್ತಿತ್ತು. ಇದರ ನೋವು ಕೇಳಿಸಲಿಲ್ಲ."

ಸೊಂಟದ ಸೌಟು ತೆಗೆದು ಹಳ್ಳಕ್ಕೆ ಕೊಟ್ಟಳು.

ಹಳ್ಳ ಮರಳು ಕೊಟ್ಟಿತು. ಕುಲುಮೆ ಮರಳು ಕರಗಿಸಿ ಗಾಜು ಕೊಟ್ಟಿತು. ಕಲ್ಲು ಗಾಜು ಬೀಸಿ ಹಿಟ್ಟು ಕೊಟ್ಟಿತು. ರಾಚಪ್ಪ ಹಿಟ್ಟಿಗೆ ನೀಲಿ ಪುಡಿ ಹಾಕಿ, ನೀರು ಹಾಕಿ, ದೋಸೆಹಿಟ್ಟಿನ ಹಾಗೆ ಕಲಸಿದ. ಉಳಿದ ಮರಳಲ್ಲಿ ಪಾತ್ರೆಯ ಮೈ ಉಜ್ಜಿದ. ಹಿಟ್ಟು ಹುಯ್ದ. ಒಣಗಿಸಿದ. ಕುಲುಮೆಗೆ ಇಟ್ಟ. ಹಿಟ್ಟು ಕರಗಿತು. ಕಬ್ಬಿಣವನ್ನು ತಬ್ಬಿಕೊಂಡಿತು. ಪಾತ್ರೆಗೆ ಅಂಗಿ ಬಂತು.

ಸಾರು ಕುದಿಯಿತು, ಕೆಂಪಗೆ. ಅಜ್ಜಿ ತೆಂಗಿನ ಚಿಪ್ಪಿನ ಸೌಟು ಎತ್ತಿದಳು. ಕೈ ಅಂಚಿನ ತನಕ ಹೋಯಿತು. ಅಲ್ಲೇ ನಿಂತಿತು.

"ದೇವೀರಿ, ಬಾರವ್ವ ಉಣ್ಣೋಕೆ" ಅಂದಳು. ಮೆಲ್ಲಗೆ ಅಂದಳು.

ಮೂರು ಗುಡ್ಡದ ಆಚೆ ದೇವೀರಿಗೆ ಕೇಳಿಸಿತು. ಸುಳ್ಳಲ್ಲ.